ನೀಲಿ ಪಿಂಗಾಣಿ: ಅರಸನ ಗೋಡೆಯಿಂದ ಗೃಹಸ್ಥನ ಗೂಡಿಗೆ

ರಾಜವಂಶಗಳ ಏಳುಬೀಳು, ಶಾಸನಗಳ ಕಾಲನಿರ್ಣಯ, ದೇವಾಲಯಗಳ ಶಿಲ್ಪ ಇವುಗಳಿಗೆ ಚರಿತ್ರಕಾರರು ಸಲ್ಲಿಸಿದ ಗಮನದಲ್ಲಿ ಶತಾಂಶವನ್ನೂ ಮನೆಯ ಗೂಡಿನಲ್ಲಿಟ್ಟ ಹೂದಾನಿಗೆ ಸಲ್ಲಿಸಿಲ್ಲ. ಅಲಂಕಾರದ ವಸ್ತುಗಳನ್ನು ಕೊಳ್ಳುವುದು ಧನಿಕರ ಶೋಕಿಯೆಂದೋ, ಬಿಡುವಿನ ವೇಳೆಯ ವಿನೋದವೆಂದೋ ಎಣಿಸಿ ಬಿಟ್ಟುಬಿಡುವುದು ವಾಡಿಕೆಯಾಗಿದೆ. ಆದರೆ ಒಂದು ಕುಶಲ ಕಲೆ ಏಕೆ ಉಳಿಯಿತು, ಅದರ ನೆರೆಯಲ್ಲಿಯೇ ಬೆಳೆದ ಮತ್ತೊಂದು ಏಕೆ ಅಳಿಯಿತು ಎಂಬ ಪ್ರಶ್ನೆಯನ್ನು ಎತ್ತಿದೊಡನೆ, ಮಾಡಿದವನ ಕೈಯನ್ನು ಮಾತ್ರ ನೋಡಿದರೆ ಸಾಲದು, ಕೊಂಡವನ ಮನೆಯನ್ನೂ ನೋಡಬೇಕೆಂಬುದು ಮನವರಿಕೆಯಾಗುತ್ತದೆ. ನೀಲಿ ಮೆರುಗಿನ ಪಿಂಗಾಣಿಯ ಕಲೆ ಇದಕ್ಕೆ ಉತ್ತಮ ನಿದರ್ಶನ. ಬೀದರಿನಲ್ಲಿ ಅದು ರಾಜವೈಭವದೊಡನೆ ಹುಟ್ಟಿ ಅದರೊಡನೆಯೇ ಮುಗಿಯಿತು. ಜಯಪುರದಲ್ಲಿ ಮುಗಿಯುವ ಹಂತಕ್ಕೆ ಬಂದು ಮರಳಿ ಚೇತರಿಸಿತು. ಈ ಎರಡು ಗತಿಗಳ ಕಾರಣವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಮೊದಲು ಪದಗಳನ್ನು ನೋಡಬಹುದು. ಕನ್ನಡದ ‘ಪಿಂಗಾಣಿ’ ಪಾರಸಿಯ ‘ಪಿಂಗಾನ್’ ಎಂಬ ಶಬ್ದಕ್ಕೆ ಸಂಬಂಧಿಸಿದ್ದು. ಬಟ್ಟಲು ಎಂಬುದು ಅದರ ಅರ್ಥ. ‘ಚೀನೀ’ ಎಂಬ ಇನ್ನೊಂದು ಹೆಸರು ದೇಶದಿಂದ ವಸ್ತುವಿಗೆ ಬಂದಿತು. ಚೀನದ ಮಣ್ಣಿನ ಪಾತ್ರೆಗಳು ಭಾರತಕ್ಕೂ ಅಲ್ಲಿಂದಾಚೆ ಪಶ್ಚಿಮದ ದೇಶಗಳಿಗೂ ರಫ್ತಾಗುತ್ತಿದ್ದವೆಂದು 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ಬರೆದಿಟ್ಟಿದ್ದಾನೆ. ದೆಹಲಿಯ ತುಘಲಕ್ ಅರಮನೆಯೊಂದರ ನೆಲದಲ್ಲಿ ಅದೇ ಶತಮಾನದ ನೀಲಿ-ಬಿಳಿ ಪಾತ್ರೆಗಳು ದೊರೆತಿವೆ. ಹಂಪೆಯ ಉತ್ಖನನಗಳಲ್ಲಿ ಚೀನೀ ಪಾತ್ರೆಯ ಚೂರುಗಳು ಸಿಕ್ಕಿವೆ. ಸಮುದ್ರವನ್ನು ದಾಟಿ ಬಂದ, ಬಿದ್ದರೆ ಒಡೆದುಹೋಗುವ ಈ ಪಾತ್ರೆಗಳನ್ನು ಅರಸರೂ ಶ್ರೀಮಂತರೂ ಊಟಕ್ಕೆ ಬಳಸಿದಷ್ಟೇ ಪ್ರದರ್ಶನಕ್ಕೂ ಬಳಸಿದರು. ಗೋಡೆಯಲ್ಲಿ ಸಾಲಾಗಿ ಕೊರೆದ ಸಣ್ಣ ಗೂಡುಗಳಲ್ಲಿ ಅವನ್ನು ಜೋಡಿಸಿಡುವ ಕೋಣೆಗೆ ‘ಚೀನೀಖಾನ’ ಎಂಬ ಹೆಸರಾಯಿತು. ಇರಾನಿನ ಷಾ ಅಬ್ಬಾಸನು 1611ರಲ್ಲಿ ಅರ್ದಬೀಲಿನ ದರ್ಗಾಕ್ಕೆ ಸಾವಿರಕ್ಕೂ ಮಿಕ್ಕ ಚೀನೀ ಪಾತ್ರೆಗಳನ್ನು ಅರ್ಪಿಸಿದನು. ಅವುಗಳಿಗಾಗಿ ಅಲ್ಲಿ ರೂಪಿಸಿದ ಗೂಡುಗಳ ಮಂದಿರ ಈಗಲೂ ಇದೆ. ಗಾಜಿನ ಬಾಗಿಲಿನ ಇಂದಿನ ಷೋಕೇಸು ಈ ಚೀನೀಖಾನದ ದೂರದ ಸಂತತಿಯೆಂದರೆ ತಪ್ಪಾಗಲಾರದು.

ಚೀನೀ ಪಾತ್ರೆಯ ಬಿಳುಪಿಗೆ ಬೇಕಾದ ವಿಶೇಷ ಜೇಡಿಯೂ ಪ್ರಖರವಾದ ಬೆಂಕಿಯೂ ಪಶ್ಚಿಮ ಏಷ್ಯದ ಕುಂಬಾರರಿಗೆ ಲಭ್ಯವಿರಲಿಲ್ಲ. ಅವರು ಬೆಣಚುಕಲ್ಲಿನ ಪುಡಿಗೆ ಗಾಜಿನ ಪುಡಿಯನ್ನೂ ಸ್ವಲ್ಪ ಜೇಡಿಯನ್ನೂ ಬೆರೆಸಿ ಬಿಳಿಯ ಒಡಲನ್ನು ಸಾಧಿಸಿದರು. ನೀಲಿಯ ವಿಷಯದಲ್ಲಿ ಮಾತ್ರ ಕೊಡುಕೊಳ್ಳುವಿಕೆ ತಿರುಗುಮುರುಗಾಯಿತು. ಚೀನದ ಕುಂಬಾರರು 14ನೆಯ ಶತಮಾನದಲ್ಲಿ ಬಳಸಿದ ಕೋಬಾಲ್ಟ್ ಪಶ್ಚಿಮ ಏಷ್ಯದಿಂದ ಹೋದದ್ದು. ಹೀಗೆ ‘ಚೀನೀ ನೀಲಿ’ ಎಂದು ಹೆಸರಾದ ಬಣ್ಣದಲ್ಲಿ ಎರಡು ನಾಡುಗಳ ಪಾಲಿದೆ.

ಪಾತ್ರೆಯ ಹೆಸರು ಕ್ರಮೇಣ ಗೋಡೆಗೂ ಅಂಟಿಕೊಂಡಿತು. ಮೆರುಗು ಕೊಟ್ಟ ಬಣ್ಣದ ಬಿಲ್ಲೆಗಳನ್ನು ಹೊದಿಸಿದ ಕಟ್ಟಡಗಳನ್ನು ಜನರು ‘ಚೀನೀ’ ಎಂದೇ ಕರೆದರು. ಷಾಜಹಾನನ ಮಂತ್ರಿ ಅಫ್ಜಲ್ ಖಾನನ ಆಗ್ರಾದ ಗೋರಿಗೆ ‘ಚೀನೀ ಕಾ ರೌಜಾ’ ಎಂದು ಹೆಸರು. ಗೋಲಕೊಂಡದ ಕೊನೆಯ ಸುಲ್ತಾನ ತಾನಾಷಾನನ್ನು ಔರಂಗಜೇಬನು ಸೆರೆಯಿಟ್ಟ ದೌಲತಾಬಾದಿನ ಅರಮನೆ ‘ಚೀನೀ ಮಹಲು’.

2

ಕನ್ನಡನಾಡಿನಲ್ಲಿ ಈ ಕಲೆಯ ಶ್ರೇಷ್ಠ ಸ್ಮಾರಕ ಬೀದರಿನಲ್ಲಿದೆ. ಅದನ್ನು ಕಟ್ಟಿಸಿದ ಮಹಮೂದ್ ಗವಾನನು ಇರಾನಿನ ಗೀಲಾನ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಪದವಿಗೇರಿದವನು. ದೇಶಾಂತರದ ಸರಕಿನ ಗುಣಾವಗುಣಗಳನ್ನು ಬಲ್ಲ ವರ್ತಕನೊಬ್ಬನು ತನ್ನ ನಾಡಿನ ಅಲಂಕಾರ ವಿಧಾನವನ್ನು ದಖ್ಖನಿನ ಕಲ್ಲುಗಟ್ಟಡದ ಮೇಲೆ ತಂದುದು ಸಹಜವೇ. 1472ರಲ್ಲಿ ಪೂರ್ಣವಾದ ಅವನ ಮದರಸದ ಮುಂಭಾಗವನ್ನೆಲ್ಲ ನೀಲಿ, ಬಿಳಿ, ಹಳದಿಯ ಬಿಲ್ಲೆಗಳು ಹೊದ್ದಿದ್ದವು. 1481ರಲ್ಲಿ ಗವಾನನು ಅರಸನ ಆಜ್ಞೆಯಿಂದಲೇ ಹತನಾದನು. ಮೊಗಲರ ಕಾಲದಲ್ಲಿ, 1696ರಲ್ಲಿ, ಮದ್ದಿನ ಸ್ಫೋಟದಿಂದ ಕಟ್ಟಡದ ಬಹುಭಾಗ ಹಾಳಾಯಿತು. ಇಂದು ಉಳಿದಿರುವ ಒಂದೇ ಮಿನಾರಿನ ಮೇಲೆ ಅಲ್ಲಲ್ಲಿ ಕಾಣುವ ನೀಲಿ, ಐದು ಶತಮಾನಗಳ ಮಳೆಬಿಸಿಲುಗಳ ನಂತರವೂ ಮಾಸಿಲ್ಲ.

ಗವಾನನ ನಂತರವೂ ಈ ಕಲೆ ಕೆಲವು ಕಾಲ ನಡೆಯಿತು. ಬರೀದಶಾಹಿಯ ಅಲೀ ಬರೀದನ (1542–80) ರಂಗೀನ ಮಹಲಿನಲ್ಲಿಯೂ ಅವನ ಗೋರಿಯಲ್ಲಿಯೂ ಬಣ್ಣದ ಬಿಲ್ಲೆಗಳಿವೆ. ಆದರೆ 1619ರಲ್ಲಿ ಬೀದರು ವಿಜಾಪುರದ ವಶವಾಗಿ, ರಾಜಧಾನಿಯೆಂಬ ಪದವಿ ಹೋದ ಮೇಲೆ, ಇಂಥ ಗೋಡೆಗಳನ್ನು ಕಟ್ಟಿಸುವವರು ಅಲ್ಲಿ ಉಳಿಯಲಿಲ್ಲ.

ಇಲ್ಲಿ ಲಕ್ಷ್ಯವಿಡಬೇಕಾದ ಒಂದು ಸಂಗತಿಯುಂಟು. ಅದೇ ಊರಿನಲ್ಲಿ, ಅದೇ ರಾಜಾಶ್ರಯದಲ್ಲಿ ಬೆಳೆದ ಬಿದರಿ ಕಲೆ ಅಳಿಯಲಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ, ಬೀದರು ಕೋಟೆಯ ಹಳೆಯ ಮಣ್ಣಿನ ಪಾಕದಿಂದ ಕಪ್ಪಾಗಿಸುವ ಈ ಕೆಲಸವೂ ಪಾರಸಿಕ ಅಭಿರುಚಿಯ ಫಲವೇ. ಹಾಗಿದ್ದೂ ರಾಜ್ಯಗಳು ಬದಲಾದಾಗ ಅದು ಸಾಯದಿರಲು ಕಾರಣ ಸ್ಪಷ್ಟ. ಬಿದರಿಯವನು ಮಾಡುತ್ತಿದ್ದುದು ಹುಕ್ಕದ ಬುರುಡೆ, ಪಾನದಾನಿ, ಪೀಕದಾನಿ, ಹೂಜಿ, ತಟ್ಟೆ. ಇವು ಕೈಯಿಂದ ಕೈಗೆ ಹೋಗುವ ವಸ್ತುಗಳು. ಸುಲ್ತಾನನಿಲ್ಲದಿದ್ದರೆ ಜಾಗೀರದಾರನು ಕೊಳ್ಳುತ್ತಿದ್ದನು, ಅವನಿಲ್ಲದಿದ್ದರೆ ಹೈದರಾಬಾದಿನ ಗೃಹಸ್ಥನು ಮಗಳ ಮದುವೆಗೆ ಕೊಳ್ಳುತ್ತಿದ್ದನು. 1851ರ ಲಂಡನ್ನಿನ ಮಹಾಪ್ರದರ್ಶನಕ್ಕೂ ಬಿದರಿ ಹೋಗಿ ಬಂದಿತು. ಹುಕ್ಕ ಸೇದುವ ರೂಢಿ ತಪ್ಪಿದ ಮೇಲೆ ಆ ಬುರುಡೆಯೇ ಹೂದಾನಿಯಾಯಿತು. ನೀಲಿ ಬಿಲ್ಲೆಯ ಕುಂಬಾರನಿಗೆ ಈ ಅನುಕೂಲವಿರಲಿಲ್ಲ. ಅವನ ಕೆಲಸವೆಲ್ಲ ಗೋಡೆಯ ಮೇಲೆ. ಗೋಡೆಗೆ ಒಡೆಯನು ಒಬ್ಬನೇ.

3

ಜಯಪುರಕ್ಕೆ ಈ ಕಲೆ ಬಂದುದು ತಡವಾಗಿ. 1835ರಿಂದ 1880ರವರೆಗೆ ಆಳಿದ ಸವಾಯಿ ರಾಮಸಿಂಹನು ತನ್ನ ರಾಜಧಾನಿಯಲ್ಲಿ ಕಲಾಶಾಲೆಯನ್ನು ಸ್ಥಾಪಿಸಿ ನಾನಾ ಕಡೆಗಳ ಕುಶಲಕರ್ಮಿಗಳನ್ನು ಕರೆಸಿಕೊಂಡನು. ನೀಲಿ ಪಿಂಗಾಣಿಯ ಬಗ್ಗೆ ಜಯಪುರದಲ್ಲಿ ಒಂದು ಐತಿಹ್ಯವಿದೆ. ಗಾಳಿಪಟದ ಪಂದ್ಯದಲ್ಲಿ ಕುಂಬಾರ ಸಹೋದರರಿಬ್ಬರು ಅರಸನ ಪಟಗಳನ್ನೇ ಕತ್ತರಿಸಿದರಂತೆ. ಮೆರುಗಿಗೆಂದು ಅರೆದ ಗಾಜಿನ ಪುಡಿಯನ್ನು ದಾರಕ್ಕೆ ಬಳಿದಿದ್ದರೆಂದು ತಿಳಿದು ಮೆಚ್ಚಿದ ಅರಸನು ಅವರನ್ನು ದೆಹಲಿಯ ಕುಂಬಾರನಲ್ಲಿಗೆ ವಿದ್ಯೆ ಕಲಿಯಲು ಕಳುಹಿಸಿದನಂತೆ. ಕಥೆಯ ನಿಜವೆಷ್ಟೇ ಇರಲಿ, ವಿದ್ಯೆ ದೆಹಲಿಯ ಕಡೆಯಿಂದ ಬಂದಿತೆಂಬ ನೆನಪು ಅದರಲ್ಲಿ ಉಳಿದಿದೆ. 1883ರಲ್ಲಿ ಜಯಪುರದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. 1887ರಲ್ಲಿ ಆಲ್ಬರ್ಟ್ ಹಾಲ್ ವಸ್ತುಸಂಗ್ರಹಾಲಯ ತೆರೆಯಿತು. ಅರಸನ ಗೋಡೆಗಾಗಿ ಹುಟ್ಟಿದ ಕಲೆ ಈಗ ಪ್ರವಾಸಿಗೂ ಮಾರಾಟವಾಗುವ ಹೂದಾನಿ, ತಟ್ಟೆ, ಸುರಾಹಿಗಳ ರೂಪ ತಾಳಿತು.

ಈ ಪಾತ್ರೆಯನ್ನು ಮಾಡುವ ವಿಧಾನವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಅದರ ಬೆಲೆಯೂ ಅದರ ದೌರ್ಬಲ್ಯವೂ ಆ ವಿಧಾನದಲ್ಲಿಯೇ ಅಡಗಿವೆ. ಜಯಪುರದ ಪಿಂಗಾಣಿಯ ಒಡಲು ಸಾಮಾನ್ಯ ಕುಂಬಾರ ಮಣ್ಣಿನದಲ್ಲ. ಬೆಣಚುಕಲ್ಲಿನ ಪುಡಿ ಅದರ ಮುಖ್ಯ ದ್ರವ್ಯ. ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಬಿಳಿಗಾರ, ಅಂಟು ಇವುಗಳನ್ನು ಸೇರಿಸಿ ನೀರಿನಲ್ಲಿ ನಾದುತ್ತಾರೆ. ಈ ಹಿಟ್ಟಿಗೆ ಜೇಡಿಯ ಜಿಗುಟಿಲ್ಲವಾದ್ದರಿಂದ ತಿಗುರಿಯ ಮೇಲೆ ಇಡೀ ಪಾತ್ರೆಯನ್ನು ಎತ್ತಲು ಬರುವುದಿಲ್ಲ. ಚಪಾತಿಯಂತೆ ತಟ್ಟಿ, ಅಚ್ಚಿನೊಳಗೆ ಒತ್ತಿ, ಆಕಾರ ಕುಸಿಯದಂತೆ ಬೂದಿ ತುಂಬಿ ಒಣಗಿಸುತ್ತಾರೆ. ಕತ್ತನ್ನೂ ಅಡಿಯನ್ನೂ ಬೇರೆಯಾಗಿ ಮಾಡಿ ಕೂಡಿಸಿ, ಬೆಸುಗೆಯನ್ನು ಉಜ್ಜಿ ನಯಗೊಳಿಸಿ, ಬಿಳಿಯ ಲೇಪ ಕೊಟ್ಟು, ಅದರ ಮೇಲೆ ಚಿತ್ರ ಬರೆಯುತ್ತಾರೆ. ಕೋಬಾಲ್ಟ್ ಗಾಢ ನೀಲಿಯನ್ನೂ ತಾಮ್ರ ಪಚ್ಚೆನೀಲಿಯನ್ನೂ ಕೊಡುತ್ತದೆ. ಬರೆಯುವಾಗ ಕಪ್ಪಾಗಿ ಕಾಣುವ ಗೆರೆ ಬೆಂಕಿಯಲ್ಲಿ ಬೆಂದ ಮೇಲಷ್ಟೇ ನೀಲಿಯಾಗುತ್ತದೆ. ಕೊನೆಗೆ ಮೆರುಗಿನ ಲೇಪ ಹಚ್ಚಿ ಸುಮಾರು 800–850 ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದೇ ಬಾರಿ ಸುಡುತ್ತಾರೆ. ಆವಿಗೆ ತಣ್ಣಗಾಗಲು ಎರಡು ಮೂರು ದಿನಗಳು ಬೇಕು. ಅವಸರಪಟ್ಟು ತೆಗೆದರೆ ಪಾತ್ರೆ ಬಿರುಕುಬಿಡುತ್ತದೆ. ಇಷ್ಟು ಕೈಗಳನ್ನು ದಾಟಿ ಬಂದ ಪಾತ್ರೆಯ ಒಂದು ತಪ್ಪು ಬೆಸುಗೆ ಆವಿಗೆಯಲ್ಲಿ ಬಯಲಾಗುವುದರಿಂದ, ಉಳಿದ ಪಾತ್ರೆ ಒಡೆದ ಪಾತ್ರೆಯ ಬೆಲೆಯನ್ನೂ ಹೊರಬೇಕಾಗುತ್ತದೆ.

ಇಂಥ ಶ್ರಮದ ವಸ್ತುವಿಗೆ ನಿಶ್ಚಿತವಾದ ಗಿರಾಕಿ ಬೇಕು. ಸಂಸ್ಥಾನಗಳು ವಿಲೀನಗೊಂಡ ಹೊತ್ತಿಗೆ ಜಯಪುರದ ನೀಲಿ ಪಿಂಗಾಣಿ ಬಹುಮಟ್ಟಿಗೆ ನಿಂತೇಹೋಗಿತ್ತು. ಬೀದರಿನ ಕಥೆಯೇ ಪುನರಾವರ್ತಿಸುವಂತಿತ್ತು.

4

ಅದು ಹಾಗಾಗದಂತೆ ತಡೆದವರಲ್ಲಿ ಕನ್ನಡನಾಡಿನ ಮಗಳೊಬ್ಬರಿದ್ದರೆಂಬುದನ್ನು ಹೊರನಾಡ ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ದೇಶ ವಿಭಜನೆಯ ನಂತರ ನಿರಾಶ್ರಿತರ ಪುನರ್ವಸತಿಗಾಗಿ ದೆಹಲಿಯಲ್ಲಿ ದುಡಿದರು. 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ನೇತೃತ್ವವನ್ನು ವಹಿಸಿದರು. ಅವರು ಕಂಡ ಸತ್ಯ ಸರಳವಾದುದು. ಕುಶಲಕರ್ಮಿಗೆ ಬಹುಮಾನ, ಪದಕಗಳಿಗಿಂತ ಮಾರುಕಟ್ಟೆ ಮುಖ್ಯ; ಅರಸರು ಹೋದ ದೇಶದಲ್ಲಿ ನಗರದ ಸಾಮಾನ್ಯ ಗೃಹಸ್ಥನೇ ಅವನ ಹೊಸ ಆಶ್ರಯದಾತನಾಗಬೇಕು. ದೆಹಲಿಯ ಕೇಂದ್ರೀಯ ಗೃಹೋದ್ಯೋಗ ಎಂಪೋರಿಯಮ್ಮಿನ ಬೆಳವಣಿಗೆಯ ಹಿಂದಿದ್ದ ವಿಚಾರ ಇದೇ. ನಿಗದಿತ ಬೆಲೆಯ ಚೀಟಿ ಅಂಟಿಸಿ, ಊರಿನ ಹೆಸರು ಹೇಳಿ ಮಾರುವ ಇಂಥ ಅಂಗಡಿಗಳಲ್ಲಿ ಗುಮಾಸ್ತನ ಹೆಂಡತಿಯೂ ಅಧ್ಯಾಪಕನೂ ಒಂದು ತಟ್ಟೆಯನ್ನೋ ದೀಪಸ್ತಂಭವನ್ನೋ ಸಂಕೋಚವಿಲ್ಲದೆ ಕೊಳ್ಳುವಂತಾಯಿತು.

ಜಯಪುರದಲ್ಲಿ ಈ ಕಾರ್ಯಕ್ಕೆ ದೊರೆತವರು ಕೃಪಾಲ್ ಸಿಂಗ್ ಶೇಖಾವತ್ (1922–2008). ಶಾಂತಿನಿಕೇತನದಲ್ಲಿ ನಂದಲಾಲ ಬಸು ಅವರ ಶಿಷ್ಯರಾಗಿ, ಜಪಾನಿನಲ್ಲಿಯೂ ಅಭ್ಯಾಸ ಮಾಡಿದ ಈ ಚಿತ್ರಕಾರರು ಕಮಲಾದೇವಿಯವರ ಪ್ರೇರಣೆಯಿಂದಲೂ ರಾಜಮಾತೆ ಗಾಯತ್ರಿದೇವಿಯವರ ಬೆಂಬಲದಿಂದಲೂ ಕುಂಬಾರಿಕೆಗೆ ಕೈಹಚ್ಚಿದರು. ಅವರು ವಿದ್ಯೆಯನ್ನು ಗುಟ್ಟಾಗಿಡದೆ ಶಾಲೆಯಲ್ಲಿ ಕಲಿಸಿದರು. 1974ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಇಂದು ಜಯಪುರದ ನಗರದಲ್ಲಿಯೂ ಕೋಟ್ ಜೇವರದಂಥ ಹಳ್ಳಿಗಳಲ್ಲಿಯೂ ಈ ಕೆಲಸ ಅನೇಕ ಕುಟುಂಬಗಳ ಜೀವನೋಪಾಯವಾಗಿದೆ. ಹೂದಾನಿಯ ಜೊತೆಗೆ ಬಾಗಿಲ ಹಿಡಿ, ಮಣಿ, ಸಾಬೂನಿನ ಬಟ್ಟಲು, ಗೋಡೆಯ ಬಿಲ್ಲೆ ಇವೂ ತಯಾರಾಗುತ್ತವೆ. ಪ್ರಾಚೀನ ರೂಪಗಳನ್ನು ಮೆಚ್ಚುವವರಿಗೆ ಸಾಬೂನಿನ ಬಟ್ಟಲು ಅಲ್ಪವೆನಿಸಬಹುದು. ಆದರೆ ಆವಿಗೆಯನ್ನು ವರ್ಷವಿಡೀ ಉರಿಸುವುದು ಇಂಥ ಸಣ್ಣ ವಸ್ತುಗಳ ಮಾರಾಟವೇ. ದೊಡ್ಡ ಹೂದಾನಿ ಬರೆಯಬಲ್ಲ ಕೈ ಕೆಲಸ ಬಿಡದೆ ಉಳಿಯುವುದೂ ಅದರಿಂದಲೇ.

5

ಈಗಿನ ಅಪಾಯ ಬೇರೆಯದು. ಉತ್ತರಪ್ರದೇಶದ ಖುರ್ಜಾದಲ್ಲಿ ಜೇಡಿಯಿಂದ ಮಾಡಿ ಹೆಚ್ಚಿನ ಉಷ್ಣತೆಯಲ್ಲಿ ಸುಟ್ಟ ಗಟ್ಟಿಯಾದ ಪಾತ್ರೆಗಳು ತಮ್ಮಷ್ಟಕ್ಕೆ ಉತ್ತಮವಾದವು. ದಿನಬಳಕೆಗೆ ಅವೇ ಲೇಸು. ಆದರೆ ಅಂಥ ಒಡಲಿನ ಮೇಲೆ ನೀಲಿ ಹೂ ಬರೆದೋ ಅಚ್ಚೊತ್ತಿಯೋ ಅದನ್ನು ಜಯಪುರದ್ದೆಂದು ಕೆಲವು ಅಂಗಡಿಗಳಲ್ಲಿ ಮಾರುವುದು ಎರಡೂ ಊರಿನವರಿಗೆ ಅನ್ಯಾಯ. ಜಯಪುರದ ನೀಲಿ ಪಿಂಗಾಣಿಗೂ ಬಿದರಿಗೂ ಈ ಶತಮಾನದ ಮೊದಲ ದಶಕದಲ್ಲಿ ಭೌಗೋಳಿಕ ಸೂಚಕದ ಕಾನೂನು ರಕ್ಷಣೆ ದೊರೆತಿದೆ. ಆದರೂ ಅಂಗಡಿಯಲ್ಲಿ ತೀರ್ಪು ಕೊಡುವವನು ಗಿರಾಕಿಯೇ. ಪಾತ್ರೆಯನ್ನು ತಲೆಕೆಳಗು ಮಾಡಿ ನೋಡಿದರೆ ಮೆರುಗು ತಾಗದ ಅಡಿಯಲ್ಲಿ ಬೆಣಚಿನ ಬಿಳಿಯ, ತರಿತರಿಯಾದ ಒಡಲು ಕಾಣುತ್ತದೆ. ಗೆರೆಗಳು ಒಂದರಂತೆ ಒಂದಿರುವುದಿಲ್ಲ. ಬೆರಳಿನಿಂದ ಬಡಿದರೆ ಗಟ್ಟಿ ಸುಟ್ಟ ಪಿಂಗಾಣಿಯ ಕಂಚಿನ ನಾದ ಬರುವುದಿಲ್ಲ. ಹಳೆಯ ರೀತಿಯ ಮೆರುಗಿನಲ್ಲಿ ಸೀಸವಿರುವುದರಿಂದ ಆಹಾರಕ್ಕೆ ಬಳಸುವ ಉದ್ದೇಶವಿದ್ದರೆ ಅದನ್ನು ವಿಚಾರಿಸಿಯೇ ಕೊಳ್ಳಬೇಕು.

ದೆಹಲಿಯ ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ರಾಜ್ಯ ಸರಕಾರಗಳ ಎಂಪೋರಿಯಮ್ಮುಗಳು ಸಾಲಾಗಿವೆ. ಕರ್ನಾಟಕದ ಕಾವೇರಿಯಲ್ಲಿ ಬಿದರಿಯ ಹೂಜಿಯನ್ನು ನೋಡಿದವನು ಕೆಲವೇ ಹೆಜ್ಜೆ ನಡೆದು ರಾಜಸ್ಥಾನದ ಮಳಿಗೆಯಲ್ಲಿ ನೀಲಿ ಹೂದಾನಿಯನ್ನು ನೋಡಬಹುದು. ಐದು ಶತಮಾನಗಳ ಹಿಂದೆ ಈ ಎರಡು ಕಲೆಗಳ ಪೂರ್ವರೂಪಗಳಿಗೆ ಬೀದರು ಒಂದೇ ಊರಿನಲ್ಲಿ ಎಡೆಕೊಟ್ಟಿತ್ತು. ಬಿದರಿ ಉಳಿದುದು ಗೃಹಸ್ಥರು ಕೊಂಡುದರಿಂದ. ನೀಲಿ ಬಿಲ್ಲೆ ಅಲ್ಲಿ ಅಳಿದುದು ಅದನ್ನು ಕೊಳ್ಳಬಲ್ಲ ಗೃಹಸ್ಥನು ಇರಲಿಲ್ಲವಾದ್ದರಿಂದ. ಪರಸ್ಥಳದ ಬಾಡಿಗೆ ಮನೆಯ ಕಿರಿದಾದ ಗೂಡಿಗೆಂದು ಒಂದು ವಸ್ತುವನ್ನು ಆರಿಸುವ ಕನ್ನಡಿಗನು, ಅದು ಎಲ್ಲಿಯದು, ಯಾರು ಮಾಡಿದುದು ಎಂದು ಅಂಗಡಿಯವನನ್ನು ಕೇಳುವ ರೂಢಿಯನ್ನಿಟ್ಟುಕೊಂಡರೆ, ಬೀದರಿನ ಬಿಲ್ಲೆಯ ಕುಂಬಾರನಿಗೆ ದೊರೆಯದ ಆಶ್ರಯ ಇಂದಿನ ಕುಂಬಾರನಿಗಾದರೂ ದೊರೆತೀತು.