ಅರಸರ ತೋಟಕ್ಕೆ ಜನ ಬಂದ ಬಗೆ: ಬೆಂಗಳೂರಿನ ಎರಡು ಉದ್ಯಾನಗಳ ಚರಿತ್ರೆ

ಲಾಲ್‌ಬಾಗಿನ ಚರಿತ್ರೆ ಎಂದರೆ ಬಹುಮಟ್ಟಿಗೆ ಗಿಡಮರಗಳ ಚರಿತ್ರೆ, ಇಲ್ಲವೇ ಅಧಿಕಾರಿಗಳ ಚರಿತ್ರೆ. ಯಾವ ಸಸಿ ಯಾವ ದೇಶದಿಂದ ಬಂತು, ಯಾವ ಸೂಪರಿಂಟೆಂಡೆಂಟ್ ಕಾಲದಲ್ಲಿ ಏನು ನೆಡಲಾಯಿತು ಎಂಬುದಕ್ಕೆ ದಾಖಲೆಗಳಿಗೆ ಕೊರತೆಯಿಲ್ಲ. ಅಲ್ಲಿಗೆ ಊರಿನ ಜನ ಯಾವಾಗಿನಿಂದ, ಯಾತಕ್ಕಾಗಿ ಬರತೊಡಗಿದರು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ. ಹಳೆಯ ಕೋಟೆ, ಪೇಟೆಗಳ ದಕ್ಷಿಣಕ್ಕಿರುವ ಲಾಲ್‌ಬಾಗ್ ಮತ್ತು ಪೇಟೆಗೂ ಬ್ರಿಟಿಷರ ಸೇನಾನೆಲೆಯಾದ ದಂಡಿಗೂ ನಡುವೆ ಹರಡಿಕೊಂಡ ಕಬ್ಬನ್ ಪಾರ್ಕ್, ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಉದ್ಯಾನ ಹುಟ್ಟುತ್ತಲೇ ಸಾರ್ವಜನಿಕವಾಗುವುದಿಲ್ಲ. ಅದನ್ನು ಹಾಗೆ ಮಾಡಬೇಕಾಗುತ್ತದೆ.

ಹೈದರ್ ಅಲಿ 1760ರಲ್ಲಿ ಸುಮಾರು 40 ಎಕರೆಯಲ್ಲಿ ಲಾಲ್‌ಬಾಗ್ ತೋಟ ಆರಂಭಿಸಿದ; ಮಗ ಟಿಪ್ಪು ಬೆಳೆಸಿದ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಬೆಂಗಳೂರಿಗೆ ಬಂದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ತಂದೆಮಕ್ಕಳ ತೋಟಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವನ ವಿವರಣೆಯಲ್ಲಿ ಚೌಕಾಕಾರದ ಮಡಿಗಳಿವೆ, ನಡುವೆ ಹಾದಿಗಳಿವೆ, ಹಾದಿಗಳ ಅಂಚಿಗೆ ಸೈಪ್ರೆಸ್ ಮರಗಳಿವೆ. ಒಂದು ಮಡಿಯಲ್ಲಿ ಗುಲಾಬಿಯೊಂದೇ, ಇನ್ನೊಂದರಲ್ಲಿ ದಾಳಿಂಬೆಯೊಂದೇ. ಹೀಗೆ ಜಾತಿಗೊಂದು ಜಾಗ. ಈ ಜೋಡಣೆಯನ್ನು ಬರೀ ಅಲಂಕಾರವೆಂದು ಓದಿದರೆ ಸಾಲದು. ಅರಮನೆಗೆ ಹಣ್ಣು, ಹೂವು, ತರಕಾರಿ ಒದಗಿಸುವ ತೋಟವೂ ಅರಸ ಅಡ್ಡಾಡುವ ತೋಟವೂ ಒಂದೇ ಆಗಿದ್ದುದರ ಗುರುತು ಅದು. ಜನ ಗುಂಪುಗೂಡಿ ನಿಲ್ಲುವ ಜಾಗ ಆ ವಿವರಣೆಯಲ್ಲಿ ಎಲ್ಲೂ ಇಲ್ಲ.

ಮುಂದಿನ ಅರ್ಧ ಶತಮಾನ ತೋಟ ಕೈಯಿಂದ ಕೈಗೆ ದಾಟಿತು. ಮೇಜರ್ ವಾ ಎಂಬ ಸೇನಾಧಿಕಾರಿ ನೋಡಿಕೊಂಡ. 1819ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. 1836ರಲ್ಲಿ ಒಂದು ಕೃಷಿ–ತೋಟಗಾರಿಕೆ ಸಂಘದ ಪಾಲಾಯಿತು, ಆ ಸಂಘವೂ 1842ರಲ್ಲಿ ಮುಚ್ಚಿತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೂ ಮುಖ್ಯ ಗುರಿ ಸಸಿ ಬೆಳೆಸಿ ಹಂಚುವುದೇ ಆಗಿತ್ತು.

ತಿರುವು ಬಂದದ್ದು ಜಾನ್ ಕ್ಯಾಮರನ್ ಕಾಲದಲ್ಲಿ. 1874ರಿಂದ 1908ರವರೆಗೆ ಸೂಪರಿಂಟೆಂಡೆಂಟ್ ಆಗಿದ್ದ ಈತನನ್ನು ಇಂದು ಹೆಚ್ಚಾಗಿ ನೆನೆಯುವುದು ಸೀಮೆಬದನೆಯನ್ನು ಇಲ್ಲಿಗೆ ತಂದವನೆಂದು. ನನ್ನ ಮಟ್ಟಿಗೆ ಆತನ ದೊಡ್ಡ ಕೊಡುಗೆ ಗಾಜಿನ ಮನೆ. ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು, ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೈಯಿಂದ. ಎರಕದ ಕಬ್ಬಿಣ ಗ್ಲಾಸ್ಗೋ ನಗರದ ಕಾರ್ಖಾನೆಯಿಂದ ಹಡಗೇರಿ ಬಂತು. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂದು ಎಲ್ಲರೂ ಹೇಳುತ್ತಾರೆ. ಹೋಲಿಕೆ ಅಲ್ಲಿಗೇ ನಿಲ್ಲಬಾರದು. ಇಂಗ್ಲೆಂಡಿನ ಸಸ್ಯೋದ್ಯಾನಗಳಲ್ಲಿ ಗಾಜಿನ ಮನೆ ಬೇಕಾದದ್ದು ಉಷ್ಣವಲಯದ ಗಿಡಗಳನ್ನು ಚಳಿಯಿಂದ ಕಾಪಾಡಲು. ಬೆಂಗಳೂರಿನ ಹವೆಗೆ ಆ ಕಾವಲು ಬೇಕಿರಲಿಲ್ಲ. ಮೇಲೆ ಗಾಜು, ಕೆಳಗೆ ತೆಳ್ಳನೆಯ ಕಂಬಗಳು, ಬದಿಗಳಲ್ಲಿ ಗಾಳಿಯಾಡುವ ತೆರಪು: ಒಳಗೆ ನಿಂತು ತಲೆಯೆತ್ತಿ ನೋಡಿದರೆ ಇದು ಗಿಡಕ್ಕಿಂತ ಹೆಚ್ಚಾಗಿ ಗಿಡ ನೋಡಲು ಬಂದವರಿಗಾಗಿ ಕಟ್ಟಿದ ಸೂರು ಎಂದು ತಿಳಿಯುತ್ತದೆ. ಹೂವಿನ ಕುಂಡಗಳ ನಡುವೆ ಸಾಲುಹಿಡಿದು ಸಾಗಲು ತಕ್ಕ ಅಗಲ ಅದಕ್ಕಿದೆ. ಅದೇ ಕಾಲದ ಪಾರಿವಾಳದ ಗೂಡು ಇಂದಿಗೂ ನಿಂತಿದೆ. ಆಗ ತೋಟದಲ್ಲಿ ಪ್ರಾಣಿಗಳನ್ನೂ ಸಾಕಿದ್ದರು. ಗಿಡದ ಹೆಸರು ತಿಳಿಯದವರನ್ನೂ ಒಳಗೆ ಕರೆಯುವ ಏರ್ಪಾಡುಗಳಿವು.

1908ರಲ್ಲಿ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಕಾಲದಲ್ಲಿ, 1912ರಿಂದ, ಮೈಸೂರು ತೋಟಗಾರಿಕೆ ಸಂಘ ಫಲಪುಷ್ಪ ಪ್ರದರ್ಶನಗಳನ್ನು ನಡೆಸತೊಡಗಿತು. ವರ್ಷವಿಡೀ ಒಂದಲ್ಲ ಒಂದು ಮರ ಹೂಬಿಡುವಂತೆ ಊರಿನ ರಸ್ತೆಗಳಿಗೆ ಮರ ಆರಿಸಿದವರೂ ಕ್ರುಂಬಿಗಲ್ ಅವರೇ ಎನ್ನುತ್ತಾರೆ. 1932ರಲ್ಲಿ ಎಚ್.ಸಿ. ಜವರಾಯರು ಅವರ ಸ್ಥಾನಕ್ಕೆ ಬಂದರು. ಈ ಹುದ್ದೆಗೇರಿದ ಮೊದಲ ಭಾರತೀಯರು ಅವರು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳ ಪ್ರದರ್ಶನಕ್ಕೆ ಈಗ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳಿಗಳಿಂದಲೂ ಜನ ಬರುತ್ತಾರೆ.

ದಿನನಿತ್ಯದ ಭೇಟಿಯ ಕಥೆ ಬೇರೆ. 1898ರ ಪ್ಲೇಗ್ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರದೂಡಿತು. ಬಸವನಗುಡಿಯ ಬಡಾವಣೆ ತುಂಬಿಕೊಂಡಿತು. ಅಪರೂಪಕ್ಕೆ ಹೋಗುವ ತಾಣವಾಗಿದ್ದ ಲಾಲ್‌ಬಾಗ್, ಮನೆಯಿಂದ ನಡೆದೇ ತಲುಪಬಹುದಾದ ಜಾಗವಾದದ್ದು ಈ ನೆರೆಹೊರೆಯಿಂದಲೇ ಎಂದು ನಾನು ಭಾವಿಸುತ್ತೇನೆ. ಬೆಳಗಿನ ನಡಿಗೆಯವರ ಚರಿತ್ರೆ ಬರೆಯುವವರು ಬಸವನಗುಡಿಯಿಂದ ಆರಂಭಿಸಬೇಕು.

ಕಬ್ಬನ್ ಪಾರ್ಕಿಗೆ ಅರಸರ ತೋಟದ ಹಿನ್ನೆಲೆಯಿಲ್ಲ. ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ, ಹೊಸದಾಗಿ ಎದ್ದು ನಿಂತಿದ್ದ ಸರ್ಕಾರಿ ಕಟ್ಟಡ ಅಠಾರಾ ಕಚೇರಿಯ ಸುತ್ತ, ಅದನ್ನು ಅಡ್ಡಾಡಲೆಂದೇ ರೂಪಿಸಿದ. ಅದರ ಹೆಸರು ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಒಂದು ಬದಿಗೆ ಪೇಟೆ, ಇನ್ನೊಂದು ಬದಿಗೆ ದಂಡು. ಬೇರೆ ಬೇರೆ ಆಡಳಿತ, ಬೇರೆ ಭಾಷೆ, ಬೇರೆ ಉಡುಪು. ಇವೆರಡರ ನಡುವಿನ ಗಡಿಯೇ ಈ ಹಸಿರು ಎಂಬ ಮಾತು ಸುಳ್ಳಲ್ಲ. ಆದರೆ ಗಡಿಯ ಮೇಲೆ ಬ್ಯಾಂಡ್‌ಸ್ಟ್ಯಾಂಡ್ ಕಟ್ಟಿ, 1915ರಲ್ಲಿ ದಿವಾನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನೂ ತೆರೆದಾಗ, ಎರಡೂ ಬದಿಯವರಿಗೆ ಬಂದು ಹೋಗಲು ಕಾರಣ ಸಿಕ್ಕಿತು. ಆ ಭವನದ ಕೆಂಪು ಕಟ್ಟಡದಲ್ಲಿ ಇಂದಿಗೂ ಗ್ರಂಥಾಲಯವಿದೆ.

ಈ ಎರಡು ಉದ್ಯಾನಗಳ ಭೂಮಿಗೆ ಕಾಯಿದೆಯ ಬೇಲಿ ಬಿದ್ದದ್ದು ತಡವಾಗಿ, 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆಯಿಂದ. ಅದೂ ಸಾಲದಾಯಿತು. 1998ರಲ್ಲಿ ಕಬ್ಬನ್ ಪಾರ್ಕಿನ ಒಂದು ಭಾಗವನ್ನು ರಕ್ಷಿತ ಎಲ್ಲೆಯಿಂದ ಬಿಡಿಸಲು ಸರ್ಕಾರ ಹೊರಟಾಗ ಊರಿನ ಜನ ಪ್ರತಿಭಟನೆಗೆ ಇಳಿದರು. ಅರಸ ನೀಡಿದ ಕೊಡುಗೆ ಎಂದಾಗಲಿ ಎಂಜಿನಿಯರ್ ರಚಿಸಿದ ಕೃತಿ ಎಂದಾಗಲಿ ಅವರು ಅದನ್ನು ಕೇಳಲಿಲ್ಲ; ತಾವು ಬಂದು ಹೋಗುವ ಜಾಗವೆಂದು ಕೇಳಿದರು.