ಹಳೇ ಗೇಮ್‌ಗಳನ್ನು ಉಳಿಸುತ್ತಿರೋದು ಯಾರು? ಎಮ್ಯುಲೇಟರ್ ಬಗ್ಗೆ ತಿಳಿಯಬೇಕಾದ್ದು

ಏನಿದು?
ಹಳೆಯ ಗೇಮ್ ಕನ್ಸೋಲ್ ಹೇಗೆ ಕೆಲಸ ಮಾಡುತ್ತಿತ್ತೋ ಹಾಗೇ ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರೇ ಎಮ್ಯುಲೇಟರ್. ನಿಂಟೆಂಡೊ 1990ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಸೂಪರ್ ನಿಂಟೆಂಡೊ ಇದಕ್ಕೆ ಒಳ್ಳೇ ಉದಾಹರಣೆ.

ವೇಗವೋ, ನಿಖರತೆಯೋ?
1997ರ ‘ಝಡ್‌ಎಸ್‌ಎನ್‌ಇಎಸ್’ ಆಗಿನ ಮಾಮೂಲಿ ಪಿಸಿಯಲ್ಲೂ ಓಡ್ತಿತ್ತು. ಅದಕ್ಕಾಗಿ ಚಿಪ್‌ಗಳ ಟೈಮಿಂಗನ್ನು ಅಂದಾಜಿನಲ್ಲಿ ಹೊಂದಿಸಿದ್ದರು. ಜನಪ್ರಿಯ ಗೇಮ್‌ಗಳು ನಡೆದವು. ಆದರೆ ಇಂಥ ಅಂದಾಜಿನ ಎಮ್ಯುಲೇಟರ್‌ಗಳಲ್ಲಿ ‘ಏರ್ ಸ್ಟ್ರೈಕ್ ಪಟ್ರೋಲ್’ನ ವಿಮಾನದ ನೆರಳೇ ಮಾಯ. ಪರದೆಯ ಗೆರೆಯೊಂದು ಮೂಡುತ್ತಿರುವಾಗಲೇ ನಡುವೆ ಸೆಟ್ಟಿಂಗ್ ಬದಲಿಸಿ ಆ ನೆರಳನ್ನು ಬಿಡಿಸಲಾಗುತ್ತಿತ್ತು. 2004ರಲ್ಲಿ ಶುರುವಾದ ‘ಬಿಎಸ್‌ನೆಸ್’ ಪ್ರತಿ ಚಿಪ್ಪಿನ ಟೈಮಿಂಗನ್ನೂ ಕರಾರುವಾಕ್ಕಾಗಿ ಅನುಕರಿಸಲು ಹೊರಟಿತು. ಪರಿಣಾಮ, ಹೆಚ್ಚೆಂದರೆ 3.58 ಮೆಗಾಹರ್ಟ್ಜ್ ವೇಗದ ಯಂತ್ರಕ್ಕೆ ಸುಮಾರು 3 ಗಿಗಾಹರ್ಟ್ಜ್ ಪಿಸಿ ಬೇಕಾಯ್ತು!

ಇದು ಕಾನೂನುಬಾಹಿರವಾ?
ಪ್ಲೇಸ್ಟೇಷನ್ ಎಮ್ಯುಲೇಟರ್ ಕುರಿತ ಸೋನಿ–ಕನೆಕ್ಟಿಕ್ಸ್ ಪ್ರಕರಣದಲ್ಲಿ, ರಿವರ್ಸ್ ಎಂಜಿನಿಯರಿಂಗ್‌ಗಾಗಿ ಮಾಡಿದ ನಕಲು ನ್ಯಾಯೋಚಿತ ಬಳಕೆ ಎಂದು ಅಮೆರಿಕದ ಮೇಲ್ಮನವಿ ಕೋರ್ಟ್ 2000ದಲ್ಲಿ ಹೇಳಿತು. ಗೇಮ್‌ಗಳ ಕಳ್ಳಪ್ರತಿ ಹಂಚುವುದು ಬೇರೆ ಮಾತು, ಅದು ಕಾಪಿರೈಟ್ ಉಲ್ಲಂಘನೆಯೇ.

ಯಾಕೆ ಮುಖ್ಯ?
ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್‌ನ 2023ರ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಬಂದ ಹಳೆಯ ಗೇಮ್‌ಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲ. ಗ್ರಂಥಾಲಯಗಳು ಇವನ್ನು ಆನ್‌ಲೈನ್ ಮೂಲಕ ಸಂಶೋಧಕರಿಗೆ ಒದಗಿಸಲು ಕೇಳಿದ ವಿನಾಯಿತಿಯನ್ನೂ ಅಲ್ಲಿನ ಕಾಪಿರೈಟ್ ಕಚೇರಿ 2024ರಲ್ಲಿ ತಿರಸ್ಕರಿಸಿತು. ಕಂಪನಿ ಮಾರಲ್ಲ, ಲೈಬ್ರರಿಗೂ ಬಿಡಲ್ಲ. ಹೀಗಿರುವಾಗ ಒಂದು ನೆರಳಿಗಾಗಿ ವರ್ಷಗಟ್ಟಲೆ ತಲೆಕೆಡಿಸಿಕೊಳ್ಳೋ ಹವ್ಯಾಸಿಗಳನ್ನ ಕಳ್ಳರು ಅನ್ನೋಕೆ ನಾನಂತೂ ತಯಾರಿಲ್ಲ.