ಹೈಡ್ರಿಲ್ಲಾ: ಮೀನಿನ ತೊಟ್ಟಿಯಿಂದ ಕಾಲುವೆಗೆ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಹೈಡ್ರಿಲ್ಲಾ ಹೊಸದಲ್ಲ. ಬೀಕರಿನ ನೀರಿನಲ್ಲಿ ಗಿಡ ಇಟ್ಟು, ಮೇಲೆ ಆಲಿಕೆ ಬೋರಲು ಹಾಕಿ, ಬಿಸಿಲಿನಲ್ಲಿ ಗುಳ್ಳೆ ಎಣಿಸಿದ ನೆನಪು ಹಲವರಿಗೆ ಇದ್ದೀತು. ಪ್ರಯೋಗಕ್ಕೆ ಗಿಡ ಬರುತ್ತಿದ್ದುದು ಕೆರೆಯಿಂದ. ಅದಕ್ಕೆ ಬೆಲೆಯಿದೆ ಎಂದು ಯಾರೂ ಭಾವಿಸಿರಲಿಲ್ಲ. ಅದೇ ಗಿಡ ಅಮೆರಿಕದಲ್ಲಿ ಮೊದಲು ಅಲಂಕಾರದ ಸರಕಾಗಿ, ಆಮೇಲೆ ಹಣ ಸುರಿದು ಕೀಳಿಸಬೇಕಾದ ಕಳೆಯಾಗಿ ಬದಲಾದ ಬಗೆ ಈ ಲೇಖನದ ವಿಷಯ. ಗಾಜಿನ ತೊಟ್ಟಿಗೆ ಒಗ್ಗುವ ಗುಣಗಳೇ ಅದನ್ನು ಕಳೆಯಾಗಿಸಿದವು ಎಂಬುದು ನನ್ನ ವಾದ.

ತೊಟ್ಟಿಯೊಳಗೆ ಗಿಡ ನೆಡುವುದಕ್ಕೆ ಮೊದಲ ಪ್ರೇರಣೆ ಅಂದವಲ್ಲ, ಉಸಿರು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ನೆಟ್ಟ. ಎಲೆ ಕೊಳೆತು ನೀರು ಕೆಟ್ಟಿತು. ಕೊಳೆತದ್ದನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟ. ನೀರು ತಿಳಿಯಾಯಿತು, ಹುಳುವಿನ ಮೊಟ್ಟೆ ಮೀನಿಗೆ ಆಹಾರವೂ ಆಯಿತು. 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಅವನಿಟ್ಟ ಈ ವರದಿಯ ಬೆನ್ನಿಗೇ ಮನೆಯ ಅಕ್ವೇರಿಯಂ ಬ್ರಿಟನ್ನಿನಲ್ಲಿ ಹುಚ್ಚಿನಂತೆ ಹಬ್ಬಿತು. ಬೇಗ ಬೆಳೆದು ಆಮ್ಲಜನಕ ಬಿಡುವ ಗಿಡಕ್ಕೆ ಬೇಡಿಕೆ ಹುಟ್ಟಿದ್ದು ಹೀಗೆ.

ಆ ಬೇಡಿಕೆಗೆ ಹೈಡ್ರಿಲ್ಲಾ ಹೇಳಿ ಮಾಡಿಸಿದ ಗಿಡ. ಪೂರ್ಣ ಬಿಸಿಲಿನ ಶೇ. 1ರಷ್ಟು ಬೆಳಕು ಸಿಕ್ಕರೂ ಅದು ಬದುಕುತ್ತದೆ. ಅನುಕೂಲವಿದ್ದರೆ ದಿನಕ್ಕೆ ಒಂದು ಅಂಗುಲ ಬೆಳೆಯುತ್ತದೆ. ತುಂಡು ಮಾಡಿ ನೀರಿಗೆಸೆದರೆ ಒಂದೊಂದು ತುಂಡೂ ಗಿಡ. ಮೇಲಿನದನ್ನೆಲ್ಲ ಕಿತ್ತರೂ ಕೆಸರಿನೊಳಗಿನ ಪುಟ್ಟ ಗೆಡ್ಡೆಗಳು ವರ್ಷಗಟ್ಟಲೆ ಕಾಯುತ್ತವೆ. ಅಕ್ವೇರಿಯಂ ಸಾಕುವವನಿಗೆ ಇದಕ್ಕಿಂತ ಇನ್ನೇನು ಬೇಕು?

1950ರ ದಶಕದ ಆರಂಭದಲ್ಲಿ ಇದು ಸಿಂಹಳದಿಂದ ಫ್ಲಾರಿಡಾದ ಟ್ಯಾಂಪಾದ ವ್ಯಾಪಾರಿಯೊಬ್ಬನಿಗೆ ತಲುಪಿತು. ಸರಕು ಅವನಿಗೆ ಹಿಡಿಸಲಿಲ್ಲ; ಪಕ್ಕದ ಕಾಲುವೆಗೆ ಎಸೆದ. ಕೆಲವೇ ತಿಂಗಳಲ್ಲಿ ಅದು ಸೊಂಪಾಗಿ ಬೆಳೆದಿತ್ತು. ಅನಂತರ ‘ಇಂಡಿಯನ್ ಸ್ಟಾರ್‌ವೈನ್’ ಎಂಬ ಹೆಸರಿನಲ್ಲಿ ಅದನ್ನು ಬೆಳೆಸಿ ಮಾರಲಾಯಿತು. 1960ರ ಹೊತ್ತಿಗೆ ಕ್ರಿಸ್ಟಲ್ ನದಿಯಲ್ಲೂ ಮಯಾಮಿಯ ಕಾಲುವೆಯಲ್ಲೂ ಕಾಣಿಸಿಕೊಂಡಿತು. ಮೊದಮೊದಲು ಅದನ್ನು, ನೋಡಲು ಅದರಂತೆಯೇ ಇರುವ ಎಲೋಡಿಯಾ ಗಿಡವೆಂದೇ ತಪ್ಪಾಗಿ ಗುರುತಿಸಿದರು. ಎಲೆಯಂಚಿನ ಗರಗಸದಂಥ ಹಲ್ಲುಗಳನ್ನು ಬೆರಳಿನಿಂದ ಸವರಿದ್ದರೆ ಸಾಕಿತ್ತು.

ಸಿಂಹಳದ ಮಾತಿಗೆ ವ್ಯಾಪಾರಿಗಳ ಹೇಳಿಕೆಯೇ ಆಧಾರ. 1997ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಬೇರೆ ದಿಕ್ಕು ತೋರಿಸಿತು: ಫ್ಲಾರಿಡಾದ ಹೈಡ್ರಿಲ್ಲಾಗೆ ತೀರ ಹತ್ತಿರದ ನೆಂಟನಾಗಿ ಸಿಕ್ಕದ್ದು ಬೆಂಗಳೂರಿನ ಮಾದರಿ. ಇಷ್ಟರಿಂದಲೇ ನಮ್ಮ ಕೆರೆಯಿಂದ ಹೊರಟಿತೆಂದು ಹೇಳುವುದು ದುಡುಕು. ಇಂಥ ಹೋಲಿಕೆಯ ವ್ಯಾಪ್ತಿ ಕೈಗೆ ಸಿಕ್ಕ ಮಾದರಿಗಳಷ್ಟೇ. ದಕ್ಷಿಣ ಭಾರತ ಮತ್ತು ಸಿಂಹಳದ ಗಿಡಗಳು ಒಂದೇ ಬಳಗದವಾಗಿದ್ದರೆ ಎರಡು ಸಾಕ್ಷ್ಯಗಳೂ ನಿಲ್ಲುತ್ತವೆ.

ಫ್ಲಾರಿಡಾಕ್ಕೆ ಹೋದದ್ದು ಹೆಣ್ಣು ಗಿಡ ಮಾತ್ರ. ಬೀಜವಿಲ್ಲದೆಯೇ, ತುಂಡು ಮತ್ತು ಗೆಡ್ಡೆಗಳ ಬಲದಿಂದಲೇ ಅದು ಕೆರೆ ಕಾಲುವೆಗಳನ್ನು ತುಂಬಿತು. ಭಾರತ, ಪಾಕಿಸ್ತಾನಗಳಲ್ಲಿ ಅದರ ಎಲೆ ಕೊರೆಯುವ ಹೈಡ್ರೆಲಿಯಾ ನೊಣವನ್ನು 1987ರಲ್ಲಿ ಫ್ಲಾರಿಡಾದಲ್ಲಿ ಬಿಟ್ಟರು. ಫ್ಲುರಿಡೋನ್ ಎಂಬ ಕಳೆನಾಶಕವನ್ನು ವರ್ಷಾನುಗಟ್ಟಲೆ ಬಳಸಿದ ಕೆರೆಗಳಲ್ಲಿ ಅದಕ್ಕೂ ಬಗ್ಗದ ತಳಿ ತಲೆಯೆತ್ತಿತು. ಗಂಡಿನ ನೆರವಿಲ್ಲದ ಗಿಡವೊಂದು ವಿಷಕ್ಕೆ ಹೀಗೆ ಒಗ್ಗಿದ್ದು ತಜ್ಞರನ್ನೂ ಬೆರಗಾಗಿಸಿತು.

ಈಗ ಸರಕು ಎದುರು ದಿಕ್ಕಿನಿಂದಲೂ ಬರುತ್ತಿದೆ. 2020ರಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ತೋಡಿನ ಉದ್ದಕ್ಕೂ ಅರಳಿದ್ದ ಗುಲಾಬಿ ಹೂ ನೋಡಲು ಜನ ಮುಗಿಬಿದ್ದರು. ಅದು ದಕ್ಷಿಣ ಅಮೆರಿಕದ ಕಬೊಂಬಾ, ಮೀನಿನ ತೊಟ್ಟಿಗಳಿಗೆಂದು ಮಾರುವ ಗಿಡ.